ಸೋಪು-ಪೇಸ್ಟು ಕಂಪನಿಗಳ ಕ್ಯಾಶ್ ಯಾರದ್ದು?

ಎಫ್‌ಎಂಸಿಜಿ, ಅಂದರೆ ದಿನಬಳಕೆ ಸರಕಿನ ಕಂಪನಿಗಳ, ಶೇರು ಕೊಳ್ಳುವ ಮಾತು ಬಂದರೆ ನಮ್ಮ ಮುಂಬೈ ಮಾಟುಂಗಾದ ಗೆಳೆಯರು ಕೇಳುವುದು ಒಂದೇ: "ಕೈಯಲ್ಲಿ ಎಷ್ಟು ಕ್ಯಾಶ್ ಉಂಟು ಮಾರಾಯ?" ಹೆಚ್ಚಿದ್ದರೆ ಕಂಪನಿ ಗಟ್ಟಿ, ಕಡಿಮೆಯಿದ್ದರೆ ಡೌಟು. ದಾದರಿನ ಆಡಿಟ್ ಕಚೇರಿಯಲ್ಲಿ ವರ್ಷಗಟ್ಟಲೆ ಲೆಡ್ಜರ್ ತಿರುವಿದ ನನಗೆ ಅದು ಅರ್ಧ ಪ್ರಶ್ನೆ. ಆ ಕ್ಯಾಶ್ ಯಾರದ್ದು ಅನ್ನುವುದು ಉಳಿದರ್ಧ.

ಉಡುಪಿ ಹೋಟೆಲಿನ ಗಲ್ಲಾ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಗಲ್ಲಾ ತುಂಬಿರುತ್ತದೆ, ಆದರೆ ಅದರಲ್ಲಿ ಒಂದು ಪಾಲು ಹಾಲಿನವನದ್ದು, ಇನ್ನೊಂದು ತರಕಾರಿಯವನದ್ದು. ಲೆಕ್ಕ ಚುಕ್ತಾ ಆಗುವವರೆಗೆ ಮಾಲಿಕನ ಹತ್ತಿರ ಇರುತ್ತದೆ, ಅಷ್ಟೆ. ಅಂಧೇರಿಯ ಹಿಂದೂಸ್ತಾನ್ ಯೂನಿಲಿವರ್, ಪೊವಾಯಿಯ ಕೋಲ್ಗೇಟ್ ನಡೆಯುವುದೂ ಹೀಗೆಯೇ. ಡಿಸ್ಟ್ರಿಬ್ಯೂಟರಿನಿಂದ ದುಡ್ಡು ಬೇಗ ಬರುತ್ತದೆ, ಕಚ್ಚಾಮಾಲು, ಪ್ಯಾಕಿಂಗ್, ಜಾಹೀರಾತಿನವರಿಗೆ ನಿಧಾನವಾಗಿ ಹೋಗುತ್ತದೆ. ಇದಕ್ಕೇ ನೆಗೆಟಿವ್ ವರ್ಕಿಂಗ್ ಕ್ಯಾಪಿಟಲ್ ಎನ್ನುವುದು. ಮಾರಾಟ ಬೆಳೆದಂತೆ ನಗದೂ ಬೆಳೆಯುತ್ತದೆ, ಮಾರಾಟ ಕುಗ್ಗಿದರೆ ಅದೇ ಹಣ ಸಪ್ಲೈಯರ್‌ಗಳ ಕಡೆಗೆ ಹರಿದುಹೋಗುತ್ತದೆ.

ಹಾಗಾಗಿ ನಾನು ಹತ್ತು ವರ್ಷದ ವಾರ್ಷಿಕ ವರದಿ ಇಳಿಸಿಕೊಂಡು ನನ್ನದೇ ಶೀಟು ಮಾಡುತ್ತೇನೆ. ರೆಡಿಮೇಡ್ ವೆಬ್‌ಸೈಟುಗಳ "ಕ್ಯಾಶ್" ಅಂಕಿಯನ್ನು ನಂಬುವುದಿಲ್ಲ, ಏಕೆಂದರೆ ನಗದು ಒಂದೇ ಸಾಲಿನಲ್ಲಿ ಕೂತಿರುವುದಿಲ್ಲ. ಕ್ಯಾಶ್ ಆಂಡ್ ಕ್ಯಾಶ್ ಈಕ್ವಿವಲೆಂಟ್ಸ್ ಸಾಲು ಬಹಳ ಸಲ ಚಿಕ್ಕದು. ದೊಡ್ಡ ಮೊತ್ತ ಕರೆಂಟ್ ಇನ್ವೆಸ್ಟ್‌ಮೆಂಟ್ಸ್ ಅಡಿಯಲ್ಲಿ ಲಿಕ್ವಿಡ್ ಫಂಡು, ಟ್ರೆಷರಿ ಬಿಲ್ಲುಗಳಲ್ಲಿರುತ್ತದೆ. ಹನ್ನೆರಡು ತಿಂಗಳು ಮೀರಿದ ಠೇವಣಿ ಅದರ್ ಫೈನಾನ್ಶಿಯಲ್ ಅಸೆಟ್ಸ್‌ನಲ್ಲಿ ಅಡಗಿರುತ್ತದೆ. ಇತರ ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ ಶೇರುದಾರರು ಕೇಳಿ ಪಡೆಯದ ಡಿವಿಡೆಂಡೂ ಸೇರಿರುತ್ತದೆ. ಏಳು ವರ್ಷ ಯಾರೂ ಕೇಳದಿದ್ದರೆ ಅದು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಕಂಪನಿಯದ್ದಲ್ಲದ ಅದನ್ನು ಕಳೆಯುತ್ತೇನೆ. ಪ್ರವರ್ತಕರ ಬೇರೆ ಕಂಪನಿಗೆ ಕೊಟ್ಟ ಇಂಟರ್-ಕಾರ್ಪೊರೇಟ್ ಡಿಪಾಸಿಟ್ ಇದ್ದರೆ ಅದನ್ನೂ ನಗದು ಎಂದು ಎಣಿಸುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಜಿಗುಟು, ಬಡ್ಡಿ ಎಷ್ಟೇ ಚೆನ್ನಾಗಿರಲಿ. ಕೊನೆಗೆ ಸಾಲ, ಲೀಸ್ ಹೊರೆ ಕಳೆದರೆ ನಿಜವಾದ ಮೊತ್ತ.

ಮಾರ್ಚ್ 31ರ ಅಂಕಿಯೊಂದೇ ಸಾಲದು. ಫೈನಲ್ ಡಿವಿಡೆಂಡಿನ ದುಡ್ಡು ಹೊರಗೆ ಹೋಗುವುದು ಎಜಿಎಂ (ಶೇರುದಾರರ ವಾರ್ಷಿಕ ಸಭೆ) ಆದಮೇಲೆ, ಸಾಮಾನ್ಯವಾಗಿ ಮಳೆಗಾಲದಲ್ಲಿ. ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಬ್ಯಾಲೆನ್ಸ್ ಶೀಟನ್ನು ಪಕ್ಕಕ್ಕಿಟ್ಟರೆ ಎಷ್ಟು ಇಳಿಯಿತು ಎಂದು ಕಾಣುತ್ತದೆ.

ಮುಂದೆ ಸಾಧನೆಯ ಲೆಕ್ಕ. ಲಾಭದಿಂದ ಬಡ್ಡಿಯಂಥ ಅದರ್ ಇನ್‌ಕಮ್ ತೆಗೆಯುತ್ತೇನೆ, ಬಂಡವಾಳದಿಂದ ನಗದು ತೆಗೆಯುತ್ತೇನೆ, ಆಮೇಲೆ ರಿಟರ್ನ್ ನೋಡುತ್ತೇನೆ. ಗುಡ್‌ವಿಲ್ (ಬೇರೆ ಕಂಪನಿ ಕೊಳ್ಳುವಾಗ ಅದರ ಆಸ್ತಿಗಿಂತ ಹೆಚ್ಚು ತೆತ್ತ ಮೊತ್ತ) ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಇದು ಯಾಕೆ ಬೇಕು ಎನ್ನುವುದಕ್ಕೆ ಹಿಂದೂಸ್ತಾನ್ ಯೂನಿಲಿವರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2020ರ ಏಪ್ರಿಲ್ 1ರಂದು ಹಾರ್ಲಿಕ್ಸ್ ಕಂಪನಿ ಜಿಎಸ್‌ಕೆ ಕನ್ಸ್ಯೂಮರ್ ಅದರಲ್ಲಿ ವಿಲೀನವಾಯಿತು. ಆ ಕಂಪನಿಯ ಒಂದು ಶೇರಿಗೆ ಯೂನಿಲಿವರ್‌ನ 4.39 ಶೇರು. ಹಾರ್ಲಿಕ್ಸ್ ಬ್ರ್ಯಾಂಡಿಗೆ ಮಾತ್ರ 3,045 ಕೋಟಿ ರೂಪಾಯಿ ಬೇರೆಯಾಗಿ ತೆತ್ತರು. ಸುಮಾರು 8 ಸಾವಿರ ಕೋಟಿ ಇದ್ದ ನೆಟ್‌ವರ್ತ್ (ಶೇರುದಾರರ ಬಂಡವಾಳ) ಒಂದೇ ವರ್ಷದಲ್ಲಿ 47 ಸಾವಿರ ಕೋಟಿ ದಾಟಿತು. ಶೇಕಡಾ 80ರ ಮೇಲಿದ್ದ ರಿಟರ್ನ್ ಆನ್ ಈಕ್ವಿಟಿ (ಆ ಬಂಡವಾಳದ ಮೇಲಿನ ಗಳಿಕೆ) ಶೇಕಡಾ 17ರ ಆಸುಪಾಸಿಗೆ ಇಳಿಯಿತು. ಸೋಪಿನ ವ್ಯಾಪಾರಕ್ಕೆ ಏನೂ ಆಗಿರಲಿಲ್ಲ. ಬದಲಾಗಿದ್ದು ಪುಸ್ತಕದ ಗುಡ್‌ವಿಲ್ ಮತ್ತು ಬ್ರ್ಯಾಂಡಿನ ಬೆಲೆ.

ವಿಕ್ರೋಲಿಯ ಗೋದ್ರೇಜ್ ಕನ್ಸ್ಯೂಮರ್‌ದು ಇದರ ತಿರುವುಮುರುವು. 2023ರಲ್ಲಿ ರೇಮಂಡಿನ ಪಾರ್ಕ್ ಅವೆನ್ಯೂ, ಕಾಮಸೂತ್ರ ವ್ಯವಹಾರಕ್ಕೆ 2,825 ಕೋಟಿ ಕೊಟ್ಟರು, ಅದು ನಿಜವಾಗಿ ಹೊರಗೆ ಹೋದ ದುಡ್ಡು. ಆದರೆ 2023-24ರ ಒಟ್ಟು ಲೆಕ್ಕದಲ್ಲಿ ಕಂಡ ಸುಮಾರು 560 ಕೋಟಿ ನಷ್ಟಕ್ಕೆ ಮುಖ್ಯ ಕಾರಣ ಆಫ್ರಿಕಾ ವ್ಯವಹಾರದ ಬೆಲೆಯನ್ನು ಪುಸ್ತಕದಲ್ಲಿ ತಗ್ಗಿಸಿ ಬರೆದದ್ದು. ಆ ವರ್ಷವೂ ಆಪರೇಟಿಂಗ್ ಕ್ಯಾಶ್ ಫ್ಲೋ (ವ್ಯಾಪಾರದಿಂದಲೇ ಬರುವ ನಗದು) ಪ್ಲಸ್‌ನಲ್ಲೇ ಇತ್ತು. ಅದಕ್ಕೇ ನಾನು ಒಂದು ವರ್ಷದ ಲಾಭಕ್ಕೆ ತಲೆ ಕೆಡಿಸಿಕೊಳ್ಳದೆ, ಹತ್ತು ವರ್ಷದ ಆಪರೇಟಿಂಗ್ ಕ್ಯಾಶ್ ಕೂಡಿಸಿ ಹತ್ತು ವರ್ಷದ ಲಾಭದ ಪಕ್ಕ ಇಡುವುದು.

ಹಾಗಾದರೆ ಮೀಸಲು ನಗದು ದಂಡವೇ? ಖಂಡಿತ ಅಲ್ಲ. 2015ರ ಜೂನ್‌ನಲ್ಲಿ ನಿಷೇಧದ ಗಲಾಟೆಯಲ್ಲಿ ನೆಸ್ಲೆಯ ಮ್ಯಾಗಿ ಮಾರಾಟ ನಿಂತುಹೋಯಿತು, ಅಂಗಡಿ ಅಂಗಡಿಯಿಂದ ಮಾಲು ವಾಪಸ್ ತರಿಸಿ ಸುಡಬೇಕಾಯಿತು. ಆಗಸ್ಟ್ 13ರಂದು ಇಲ್ಲಿನ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತಾದರೂ ಪೊಟ್ಟಣ ಮತ್ತೆ ಅಂಗಡಿಗೆ ಬಂದದ್ದು ನವೆಂಬರಿನಲ್ಲಿ. ನೆಸ್ಲೆಯ ಲಾಭ ಸುಮಾರು 1,185 ಕೋಟಿಯಿಂದ 563 ಕೋಟಿಗೆ ಬಿತ್ತು. ಇಂಥ ಏಟು ತಿಂದೂ ಆ ವರ್ಷ ನಷ್ಟಕ್ಕಿಳಿಯಲಿಲ್ಲ. ಎರಡು-ಮೂರು ತಿಂಗಳ ಖರ್ಚಿಗಾಗುವಷ್ಟು ಕೈಯಲ್ಲಿರಲಿ, ಉಳಿದದ್ದನ್ನು ಡಿವಿಡೆಂಡ್ ಕೊಡಲಿ ಎನ್ನುವುದು ನನ್ನ ಅಭಿಪ್ರಾಯ. ಡಿವಿಡೆಂಡಿಗೆ 2020ರಿಂದ ನಮ್ಮ ಸ್ಲ್ಯಾಬಿನಂತೆ ತೆರಿಗೆ ಬೀಳುತ್ತದೆ, ಅದು ಬೇರೆ ಸಂಕಟ.

ಈಗೀಗ ವರದಿ ಬಂದೊಡನೆ ನಾನು ತೆರೆಯುವುದು ಟ್ರೇಡ್ ರಿಸೀವಬಲ್ಸ್ (ಗಿರಾಕಿಗಳಿಂದ ಬರಬೇಕಾದ ಬಾಕಿ) ಟಿಪ್ಪಣಿ. ಕಿರಾಣಿ ಅಂಗಡಿಯ ದಾರಿಯಲ್ಲಿ ಬೇಗ ಬರುತ್ತಿದ್ದ ದುಡ್ಡು ಸೂಪರ್‌ಮಾರ್ಕೆಟ್, ಆಪ್‌ಗಳ ದಾರಿಯಲ್ಲಿ ಉದ್ರಿಯಾಗುತ್ತದೆ. 2021-22ರಿಂದ ಬಾಕಿ ಎಷ್ಟು ಹಳೆಯದು ಎಂಬ ಪಟ್ಟಿ ಕೊಡುವುದು ಕಡ್ಡಾಯ. ಮಾರಾಟಕ್ಕಿಂತ ಬಾಕಿ ಜೋರಾಗಿ ಬೆಳೆದಿದ್ದರೆ, ಕ್ಯಾಶ್ ಎಷ್ಟೇ ಇರಲಿ, ಆ ಶೇರನ್ನು ಇನ್ನೊಂದು ವರ್ಷ ನೋಡಿಯೇ ಮುಟ್ಟುವುದು.