ಹಳೆ ಫೋನಿಗೆ ಹೊಸ ಆಂಡ್ರಾಯ್ಡ್: ಉಡುಪಿಯ ಮಳೆಗಾಲದಲ್ಲಿ ನಾನು ಮಾಡಿದ್ದು

ಭಾವನ ಹಳೆ ಒನ್‌ಪ್ಲಸ್ 6 ಈಗ ಆಂಡ್ರಾಯ್ಡ್ 15ರಲ್ಲಿ ಓಡುತ್ತಿದೆ. 2018ರ ಫೋನ್ ಅದು. ಬರುವಾಗ ಆಂಡ್ರಾಯ್ಡ್ 8.1 ಇತ್ತು. ಕಂಪನಿ ಕೊಟ್ಟ ಕೊನೆಯ ದೊಡ್ಡ ಅಪ್‌ಡೇಟ್ ಆಂಡ್ರಾಯ್ಡ್ 11. ಆಮೇಲೆ ಸೆಕ್ಯುರಿಟಿ ಪ್ಯಾಚ್ ಬರುವುದೂ ನಿಂತಿತು. ಆದರೆ ಫೋನ್ ಗಟ್ಟಿ ಉಂಟು. ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್, 6 ಜಿಬಿ ರ‍್ಯಾಮ್, ಒಳ್ಳೆ ಸ್ಕ್ರೀನ್. ಇಯರ್‌ಫೋನ್ ಚುಚ್ಚಲಿಕ್ಕೆ ತೂತು ಕೂಡ ಇದೆ, ಈಗಿನ ದುಬಾರಿ ಫೋನ್‌ಗಳಲ್ಲಿ ಅದೇ ಸಿಗುವುದಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟರೆ ಬರುವ ದುಡ್ಡು ಮಲ್ಪೆಯಲ್ಲಿ ಒಂದೆರಡು ಸಲ ಅಂಜಲ್ ಮೀನು ತಗೊಂಡರೆ ಮುಗಿಯಿತು.

ಇದಕ್ಕೆ ನಾನು ಹಾಕಿದ್ದು ಲೀನಿಯೇಜ್ ಓಎಸ್ 22. ಗೂಗಲ್ ಎಲ್ಲರಿಗೂ ಬಿಟ್ಟುಕೊಡುವ ಆಂಡ್ರಾಯ್ಡ್ ಸೋರ್ಸ್ ಕೋಡ್ ಇದೆಯಲ್ಲ, ಅದನ್ನು ಒಂದೊಂದು ಫೋನಿಗೆ ಹೊಂದಿಸಿ ಸ್ವಯಂಸೇವಕರು ತಯಾರಿಸುವ ರಾಮ್ (ROM), ಅಂದರೆ ಫೋನಿನ ಇಡೀ ಸಿಸ್ಟಂ ಸಾಫ್ಟ್‌ವೇರ್ ಇದು. ಮೊದಲು ಸಯನೋಜೆನ್‌ಮಾಡ್ ಅಂತ ಒಂದಿತ್ತು. 2016ರ ಕೊನೆಗೆ ಅದು ನಿಂತಾಗ ಅದರ ಕೋಡ್ ಇಟ್ಟುಕೊಂಡೇ ಲೀನಿಯೇಜ್ ಶುರುವಾಯಿತು.

ಯಾರಾದರೂ ಇಂಥ ಕೆಲಸಕ್ಕೆ ಫೋನ್ ತಂದರೆ ನಾನು ಮೊದಲು ಕೇಳುವುದು ಮಾಡೆಲ್ ಯಾವುದು ಅಂತ ಅಲ್ಲ, ಅದರಲ್ಲಿ ಏನೇನು ಮಾಡುತ್ತೀರಿ ಅಂತ. ಭಾವನ ಹತ್ತಿರವೂ ಅದನ್ನೇ ಕೇಳಿದೆ.

"ಭಾವ, ಇದ್ರಲ್ಲಿ ಯುಪಿಐ ಮಾಡ್ತೀರಾ?"

"ಮತ್ತೆಂತ ಮಾರಾಯ? ಮೀನಿಗೂ ಅದ್ರಲ್ಲೇ ಕೊಡುವುದಲ್ವಾ."

"ಹಾಗಾದ್ರೆ ಈಗ ಬೇಡ. ಹೊಸ ಫೋನ್ ಬರಲಿ, ಯುಪಿಐ ಅದಕ್ಕೆ ಹೋಗಲಿ. ಆಮೇಲೆ ಇದನ್ನು ಕೊಡಿ."

ಕಾರಣ ಇಷ್ಟೇ. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್. ಕಂಪನಿಯ ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಅದು ಓಡಲು ಬಿಡುತ್ತದೆ. ಬೇರೆ ರಾಮ್ ಹಾಕಬೇಕಾದರೆ ಅದನ್ನು ಅನ್‌ಲಾಕ್ ಮಾಡಲೇಬೇಕು. ಅನ್‌ಲಾಕ್ ಆಗಿರುವುದನ್ನು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನುವ ತಪಾಸಣೆ ಪತ್ತೆ ಮಾಡುತ್ತದೆ, ಬ್ಯಾಂಕ್ ಆ್ಯಪ್‌ಗಳು ಅದನ್ನೇ ಕೇಳಿ ಬಾಗಿಲು ಹಾಕುತ್ತವೆ. ಕೆಲವು ಆ್ಯಪ್ ತೆರೆಯುತ್ತವೆ, ಕೆಲವು ಇಲ್ಲ. ಇವತ್ತು ತೆರೆದದ್ದು ಮುಂದಿನ ಅಪ್‌ಡೇಟ್‌ಗೆ ಮುಚ್ಚಬಹುದು. ಮ್ಯಾಜಿಸ್ಕ್ ಅನ್ನುವ ಟೂಲ್ ಹಾಕಿ ರೂಟ್ ಮಾಡಿ (ಸಿಸ್ಟಂನ ಪೂರ್ತಿ ಹಿಡಿತ ಪಡೆದು), ಮಾಡ್ಯೂಲ್ ಸೇರಿಸಿ ಆ್ಯಪ್‌ನ ಕಣ್ಣಿಗೆ ಮಣ್ಣೆರಚುವವರು ಇದ್ದಾರೆ. ದುಡ್ಡಿನ ವಿಷಯದಲ್ಲಿ ನನಗೆ ಆ ಆಟ ಬೇಡ. ಅಂಗಡಿಯ ಎದುರು ನಿಂತಾಗ ಯುಪಿಐ ಕೈಕೊಟ್ಟರೆ ಬೈಸಿಕೊಳ್ಳುವವನು ನಾನೇ ತಾನೇ?

ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಹೊಸದು ತರಬಾರದು ಅಂತ ಅಕ್ಕನ ಹಟ. ಹಾಗಾಗಿ ಭಾವ ಆಟಿಗೆ ಮೊದಲೇ ಹೊಸ ಫೋನ್ ತಗೊಂಡರು. ಹಳೆಯದನ್ನು ಅವರ ಅಪ್ಪನಿಗೆ ಯಕ್ಷಗಾನ ನೋಡಲು ಕೊಡುವುದು ಅಂತ ತೀರ್ಮಾನವಾಯಿತು. ಯೂಟ್ಯೂಬ್, ವಾಟ್ಸ್ಆ್ಯಪ್, ಮಕ್ಕಳಿಗೆ ಫೋನ್ ಮಾಡುವುದು. ಅಷ್ಟಕ್ಕೆ ಈ ಫೋನ್ ಧಾರಾಳ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಕರೆಂಟ್ ಹೋದರೆ ವೈಫೈಯೂ ಹೋಯಿತು. ಹಾಗಾಗಿ ಬೇಕಾದ ಫೈಲ್‌ಗಳನ್ನೆಲ್ಲ ಹಿಂದಿನ ದಿನವೇ ಇಳಿಸಿಟ್ಟೆ. ರಾಮ್ ಒಂದೇ 1 ಜಿಬಿಗಿಂತ ಜಾಸ್ತಿ ಇರುತ್ತದೆ. ಇಳಿಸಿದ ಮೇಲೆ ಎಸ್‌ಎಚ್‌ಎ 256 ಮೊತ್ತ, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಸೈಟಿನಲ್ಲಿ ಕೊಟ್ಟದ್ದಕ್ಕೆ ತಾಳೆ ನೋಡಿದೆ. ಅರ್ಧ ಇಳಿದ ಫೈಲ್ ಹಾಕಲು ಹೋಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಒಂದು ನಿಮಿಷ ವಾಸಿ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡಕ್ಕೂ ಪೂರ್ತಿ ಚಾರ್ಜ್. ಟೈಪ್ ಸಿ ತೂತಿನಲ್ಲಿ ಜೇಬಿನ ಧೂಳು, ತೇವ ಸೇರಿ ಗಟ್ಟಿಯಾಗಿರುತ್ತದೆ. ಹಲ್ಲುಕಡ್ಡಿಯಲ್ಲಿ ಮೆಲ್ಲ ಕೆರೆದು ತೆಗೆದೆ. ಕೇಬಲ್ ಅಲುಗಾಡಿದರೆ ಸಾಕು, ನಡುವಲ್ಲೇ ಕೆಲಸ ನಿಲ್ಲುತ್ತದೆ.

ಅನ್‌ಲಾಕ್ ಮಾಡಿದಾಗ ಫೋನಿನ ಎಲ್ಲ ಡೇಟಾ ಅಳಿಸಿಹೋಗುತ್ತದೆ. ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿದೆ, ಕಾಂಟ್ಯಾಕ್ಟ್ಸ್ ಬೇರೆ ಇಳಿಸಿಟ್ಟೆ. ವಾಟ್ಸ್ಆ್ಯಪ್ ಆಗಲೇ ಹೊಸ ಫೋನಿಗೆ ಹೋಗಿತ್ತು. ಭಾವನ ಗೂಗಲ್ ಖಾತೆಯನ್ನು ಫೋನಿನಿಂದ ಮೊದಲೇ ತೆಗೆದೆ. ಇಲ್ಲದಿದ್ದರೆ ರೀಸೆಟ್ ಆದ ಮೇಲೆ ಹಳೆ ಖಾತೆಯ ಪಾಸ್‌ವರ್ಡ್ ಕೇಳುತ್ತ ಕೂತುಬಿಡುತ್ತದೆ. ಇನ್ನೊಂದು, ಹಳೆ ಸಾಫ್ಟ್‌ವೇರ್ ಇರುವಾಗಲೇ ಸಿಮ್ ಹಾಕಿ ವೋಲ್ಟಿ ಕರೆ (4ಜಿ ಮೇಲೆ ಹೋಗುವ ಫೋನ್ ಕರೆ) ಹೋಗುತ್ತದೆಯಾ ಅಂತ ನೋಡಿದೆ. ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ವೋಲ್ಟಿ ಇಲ್ಲದಿದ್ದರೆ ಮಾಮೂಲಿ ಫೋನ್ ಕರೆಯೇ ಹೋಗುವುದಿಲ್ಲ.

ಇನ್ನು ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಓಇಎಂ ಅನ್‌ಲಾಕಿಂಗ್ ಮತ್ತು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿದೆ. ಫೋನ್ ಆಫ್ ಮಾಡಿ, ವಾಲ್ಯೂಮ್ ಅಪ್ ಮತ್ತು ಪವರ್ ಒಟ್ಟಿಗೆ ಹಿಡಿದರೆ ಫಾಸ್ಟ್‌ಬೂಟ್ ಪರದೆ ಬರುತ್ತದೆ, ಲ್ಯಾಪ್‌ಟಾಪ್‌ನಿಂದ ಬೂಟ್‌ಲೋಡರ್‌ಗೆ ಕಮಾಂಡ್ ಕೊಡುವುದು ಇಲ್ಲೇ. ಲ್ಯಾಪ್‌ಟಾಪ್‌ಗೆ ಫೋನ್ ಕಾಣಲೇ ಇಲ್ಲ. ಗಾಬರಿ ಆಗಲಿಲ್ಲ, ಈ ಕಾಲದ ಫೋನ್‌ಗಳಲ್ಲಿ ಇದು ಮಾಮೂಲು. ಯುಎಸ್‌ಬಿ 3ರ ಬದಲು ಹಳೆಯ ಯುಎಸ್‌ಬಿ 2 ಹಬ್‌ಗೆ ಚುಚ್ಚಿದೆ, ಕಾಣಿಸಿತು. ಅನ್‌ಲಾಕ್ ಕಮಾಂಡ್ ಕೊಟ್ಟು ಫೋನಿನಲ್ಲಿ ಒಪ್ಪಿಗೆ ಒತ್ತಿದೆ. ಅಲ್ಲಿಂದ ಮುಂದೆ ಆನ್ ಮಾಡಿದಾಗಲೆಲ್ಲ ಎಚ್ಚರಿಕೆಯ ಪರದೆ ಒಂದು ಬರುತ್ತದೆ. ಭಾವನ ಅಪ್ಪನಿಗೆ ಮೊದಲೇ ಹೇಳಿಟ್ಟೆ, ಇಲ್ಲದಿದ್ದರೆ ಫೋನ್ ಕೆಟ್ಟಿತು ಅಂತ ದಿನಾ ಕರೆ ಬರುತ್ತಿತ್ತು. ಕರೆ ಮಾಡಲಿಕ್ಕೂ ಅದೇ ಫೋನ್ ಬೇಕಲ್ಲ, ಅದು ಬೇರೆ ಮಾತು.

ಈ ಫೋನಿನಲ್ಲಿ ಸಿಸ್ಟಂ ಎರಡು ಸ್ಲಾಟ್‌ಗಳಲ್ಲಿ ಇರುತ್ತದೆ, ಎ ಮತ್ತು ಬಿ. ಒಂದರಲ್ಲಿ ಫೋನ್ ಓಡುತ್ತಿರುವಾಗ ಅಪ್‌ಡೇಟ್ ಇನ್ನೊಂದರಲ್ಲಿ ಕೂರುತ್ತದೆ. ಅನುಕೂಲವೇ, ಆದರೆ ಒಂದು ತೊಡಕು ಉಂಟು. ಬಳಕೆಯಲ್ಲಿಲ್ಲದ ಸ್ಲಾಟ್‌ನಲ್ಲಿ ಯಾವ ಕಾಲದ ಫರ್ಮ್‌ವೇರ್ (ಮೋಡೆಮ್‌ನಂಥ ಭಾಗಗಳನ್ನು ನಡೆಸುವ ಕಂಪನಿಯ ಸಾಫ್ಟ್‌ವೇರ್) ಇದೆಯೋ ಗೊತ್ತಿರುವುದಿಲ್ಲ. ಹೊಸ ರಾಮ್ ಹೋಗಿ ಕೂರುವುದು ಅಲ್ಲೇ. ಅದಕ್ಕೇ ಮೊದಲು ಕಂಪನಿಯ ಆಂಡ್ರಾಯ್ಡ್ 11 ಪೂರ್ತಿ ಇದೆಯಾ ನೋಡಬೇಕು. ಲೀನಿಯೇಜ್ ರಿಕವರಿ (ಆಂಡ್ರಾಯ್ಡ್ ಏಳದೆಯೇ ರಾಮ್ ಹಾಕಲು ಬಳಸುವ ಪುಟ್ಟ ಸಿಸ್ಟಂ) ಹಾಕಿದ ಮೇಲೆ ಕಾಪಿ ಪಾರ್ಟಿಷನ್ಸ್ ಅನ್ನುವ ಸಣ್ಣ ಜಿಪ್ ಓಡಿಸಬೇಕು. ಅದು ಈ ಸ್ಲಾಟ್‌ನ ಫರ್ಮ್‌ವೇರನ್ನು ಆ ಸ್ಲಾಟ್‌ಗೆ ನಕಲು ಮಾಡುತ್ತದೆ. ವಿಡಿಯೋ ನೋಡಿ ಮಾಡುವವರು ಬಿಟ್ಟುಬಿಡುವ ಹಂತ ಇದೇ. ಆಮೇಲೆ ಫೋನ್ ಏಳುವುದಿಲ್ಲ, ಮೋಡೆಮ್ ಇಲ್ಲ, ವೈಫೈ ಇಲ್ಲ ಅಂತ ಗೋಳು.

ನಂತರ ರಿಕವರಿಯಲ್ಲಿ ಡೇಟಾ ಫಾರ್ಮ್ಯಾಟ್ ಮಾಡಿ, ಎಡಿಬಿ ಸೈಡ್‌ಲೋಡ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ, ರಾಮ್ ಕಳಿಸಿದೆ. ಲ್ಯಾಪ್‌ಟಾಪ್ ಪರದೆಯಲ್ಲಿ 47% ಬಂದು ನಿಂತಿತು. ಮೊದಲ ಸಲ ಮಾಡುವವರು ಇಲ್ಲೇ ಕೇಬಲ್ ಎಳೆಯುವುದು. ಎಳೆಯಬೇಡಿ. 47ಕ್ಕೆ ನಿಂತು, ಎರರ್ ಥರ ಕಾಣುವ ಸಾಲಿನ ಕೊನೆಗೆ ಸಕ್ಸೆಸ್ ಅಂತ ಬಂದರೂ ಕೆಲಸ ಸರಿಯಾಗಿ ಆಗಿರುತ್ತದೆ. ಫೋನಿನ ಪರದೆಯಲ್ಲಿ ಏನಿದೆ ಅಂತ ನೋಡಿ.

ಲೀನಿಯೇಜ್ ಜೊತೆ ಗೂಗಲ್ ಆ್ಯಪ್‌ಗಳು ಬರುವುದಿಲ್ಲ. ಪ್ಲೇ ಸ್ಟೋರ್ ಬೇಕಾದರೆ ಮೈಂಡ್‌ದಿಗ್ಯಾಪ್ಸ್ ಪ್ಯಾಕೇಜ್ ಬೇರೆ ಹಾಕಬೇಕು, ಅದೂ ರಾಮ್ ಮೊದಲ ಸಲ ಬೂಟ್ ಆಗುವ ಮೊದಲೇ. ರಿಕವರಿಗೆ ಇನ್ನೊಮ್ಮೆ ರೀಬೂಟ್ ಮಾಡಿ ಹಾಕಿದೆ. ಸಹಿ ಸರಿ ಇಲ್ಲ, ಮುಂದುವರಿಸಲಾ ಅಂತ ಕೇಳುತ್ತದೆ. ಅದು ಲೀನಿಯೇಜ್‌ನ ಸಹಿ ಇರುವ ಫೈಲ್ ಅಲ್ಲ, ಹಾಗಾಗಿ ಕೇಳುವುದು ಸಹಜ. ಹೂಂ ಅಂದರಾಯಿತು.

ಭಾಷೆ ಕನ್ನಡಕ್ಕೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ, ಮುಖಪರದೆಯಲ್ಲಿ ನಾಲ್ಕೇ ಆ್ಯಪ್ ಇಟ್ಟು ಕೊಟ್ಟೆ. ಕ್ಯಾಮೆರಾ ಮೊದಲಿನಷ್ಟು ಚೆನ್ನಾಗಿಲ್ಲ. ಲೀನಿಯೇಜ್‌ನ ಅಪರ್ಚರ್ ಆ್ಯಪ್ ಸರಳವಾಗಿದೆ, ಆದರೆ ಕಂಪನಿಯ ಆ್ಯಪ್ ಮಾಡುತ್ತಿದ್ದ ಸಂಸ್ಕರಣೆ ಇದರಲ್ಲಿ ಇಲ್ಲ. ಅನ್‌ಲಾಕ್ ಆದ ಕೆಲವು ಫೋನ್‌ಗಳಲ್ಲಿ ವಿಡಿಯೋ ನಕಲು ತಡೆಯುವ ವೈಡ್‌ವೈನ್‌ನ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದು, ಓಟಿಟಿಯಲ್ಲಿ ಎಚ್‌ಡಿ ಸಿಗುವುದಿಲ್ಲ. ಯೂಟ್ಯೂಬ್‌ಗೆ ಅದರ ಬಾಧೆ ಇಲ್ಲ. ಯಕ್ಷಗಾನ ಬೆಳಗಿನ ಜಾವದವರೆಗೂ ಎಚ್‌ಡಿಯಲ್ಲೇ ಓಡುತ್ತದೆ.

ಅಪ್‌ಡೇಟ್‌ಗೆ ಈಗ ಲ್ಯಾಪ್‌ಟಾಪ್ ಬೇಡ. ಸೆಟ್ಟಿಂಗ್ಸ್‌ನ ಅಪ್‌ಡೇಟರ್‌ನಲ್ಲಿ ಹೊಸ ಬಿಲ್ಡ್ ಬರುತ್ತದೆ. ಫೋನ್ ಬಳಸುತ್ತಿರುವಾಗಲೇ ಇನ್ನೊಂದು ಸ್ಲಾಟ್‌ಗೆ ಹೋಗಿ ಕೂರುತ್ತದೆ, ಗೂಗಲ್ ಆ್ಯಪ್‌ಗಳೂ ಉಳಿಯುತ್ತವೆ. ಅವರ ಮನೆಗೆ ಹೋದಾಗ ನಾನೇ ಒತ್ತಿ ಬರುತ್ತೇನೆ. ಆ ಎಚ್ಚರಿಕೆಯ ಪರದೆ ಹೋಗಲಿ ಅಂತ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಬಹುದಲ್ವಾ ಅಂತ ಭಾವ ಕೇಳಿದರು. ಲೀನಿಯೇಜ್ ಇರುವಾಗ ಲಾಕ್ ಮಾಡಿದರೆ ಫೋನ್ ಏಳದೇ ಹೋಗಬಹುದು. ಮುಂದೆ ಯಾವತ್ತಾದರೂ ಮಾರುವುದಾದರೆ ಮೊದಲು ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿ, ಅದು ಸರಿಯಾಗಿ ಬೂಟ್ ಆಗುವುದನ್ನು ನೋಡಿ, ಆಮೇಲೆ ಲಾಕ್ ಮಾಡುವುದು. ಅಲ್ಲಿವರೆಗೆ ಆ ಪರದೆ ಇರಲಿ ಅಂತ ಹೇಳಿದ್ದೇನೆ.