ಲಿನಕ್ಸಲ್ಲಿ ಗೇಮ್ ಆಡೋದು, ಅದೂ ತೀರ್ಥಹಳ್ಳಿ ಕಡೆ ನೆಟ್ಟಲ್ಲಿ

ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕೋ ಲಿನಕ್ಸಲ್ಲಿ ಗೇಮ್ ನಡೆಯಲ್ಲ ಅನ್ನೋರಿಗೆ ನಾನು ಮೊದ್ಲು ಕೇಳೋದು ಯಾವ ಗೇಮು ಮಾರಾಯ್ರೆ ಅಂತ. ಒಬ್ರೇ ಕೂತು ಆಡೋದಾದ್ರೆ ಮುಕ್ಕಾಲುವಾಸಿ ನಡೀತದೆ. 2018ರಲ್ಲಿ ವಾಲ್ವ್ ಕಂಪನಿಯೋರು ತಮ್ಮ ಗೇಮ್ ಅಂಗಡಿ ಸ್ಟೀಮ್ ಒಳಗೇ, ವಿಂಡೋಸ್ ಗೇಮನ್ನ ಲಿನಕ್ಸಲ್ಲಿ ಓಡಿಸೋ ಪ್ರೋಟಾನ್ ಕೊಟ್ಟ ಮೇಲೆ ಕಥೆನೇ ಬೇರೆ, ಗೇಮು ವಿಂಡೋಸಿನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್‌ಎಕ್ಸಲ್ಲಿ ಕೇಳಿದ್ದನ್ನ ಅದ್ರೊಳಗಿನ ಡಿಎಕ್ಸ್‌ವಿಕೆ ಲಿನಕ್ಸಲ್ಲೂ ನಡೆಯೋ ವಲ್ಕನ್‌ಗೆ ಬದಲಾಯಿಸಿ ಗ್ರಾಫಿಕ್ಸ್ ಕಾರ್ಡಿಗೆ ದಾಟಿಸ್ತದೆ.

ನಮ್ಮ ಕಡೆ ದೊಡ್ಡ ತಲೆಬಿಸಿ ಡೌನ್‌ಲೋಡು. ಮಳೆಗಾಲದಲ್ಲಿ ಕರೆಂಟ್ ಇದ್ರೆ ನೆಟ್ ಇಲ್ಲ, ನೆಟ್ ಇದ್ರೆ ಕರೆಂಟ್ ಇಲ್ಲ, ಇದ್ರಲ್ಲಿ ವಿಂಡೋಸಲ್ಲಿ ಆಗ್ಲೇ ಇರೋ ದೊಡ್ಡ ಗೇಮನ್ನ ಲಿನಕ್ಸಿಗೆ ಅಂತ ಮತ್ತೆ ಯಾರು ಇಳಿಸ್ತಾರೆ? ಡಿಸ್ಕಲ್ಲಿ ವಿಂಡೋಸಿಗಿಟ್ಟ ಭಾಗ, ಅಂದ್ರೆ ವಿಂಡೋಸ್ ಪಾರ್ಟಿಶನ್ನಿಂದಲೇ ನೇರ ಓಡಿಸೋಕೆ ಹೋಗ್ಬೇಡಿ, ಪ್ರೋಟಾನ್ ಮಾಡೋ ಕೆಲವು ಫೈಲ್ ಹೆಸರು ವಿಂಡೋಸ್ ಫೈಲ್ ಇಡೋ ರೀತಿ ಎನ್‌ಟಿಎಫ್‌ಎಸ್‌ಗೆ ಆಗಿಬರಲ್ಲ. ನಾನು ಲಿನಕ್ಸ್ ಫೈಲ್ ಇಡೋ ರೀತೀಲಿ ಬೇರೆ ಇಎಕ್ಸ್‌ಟಿ4 ಪಾರ್ಟಿಶನ್ ಮಾಡಿ ಅಲ್ಲೊಂದು ಸ್ಟೀಮ್ ಲೈಬ್ರರಿ ಇಟ್ಟೆ, ಗೇಮಿನ ಫೋಲ್ಡರನ್ನ ಹಾಗೇ ಸ್ಟೀಮ್‌ಆಪ್ಸ್ ಒಳಗಿನ ಕಾಮನ್ ಫೋಲ್ಡರಿಗೆ ಕಾಪಿ ಹೊಡೆದೆ, ಆಮೇಲೆ ಇನ್‌ಸ್ಟಾಲ್ ಒತ್ತಿದ್ರೆ ಸ್ಟೀಮು ಇರೋ ಫೈಲುಗಳನ್ನ ನೋಡ್ಕೊಂಡು ಕಮ್ಮಿ ಬಿದ್ದಿದ್ದಷ್ಟೇ ಇಳಿಸ್ತದೆ. ಒಂದೇ ಒಂದು ನೆನಪಿಡಿ, ಆ ಗೇಮಿಗೆ ಲಿನಕ್ಸ್ ವರ್ಷನ್ನೂ ಇದ್ರೆ ಮೊದ್ಲೇ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟೀಲಿ ಪ್ರೋಟಾನ್ ಆರಿಸಿ, ಇಲ್ಲಾಂದ್ರೆ ಅದು ಲಿನಕ್ಸ್ ಫೈಲುಗಳನ್ನ ಇಳಿಸೋಕೆ ಶುರು ಮಾಡ್ತದೆ.

ನಿಜವಾಗ್ಲೂ ಕೈಕೊಡೋದು ಆನ್‌ಲೈನ್ ಆಟ. ಸ್ಪೀಡಿನ ಪ್ರಶ್ನೆ ಅಲ್ಲ, ಕಳ್ಳಾಟ ಹಿಡಿಯೋ ಆಂಟಿ ಚೀಟ್ ಸಾಫ್ಟ್‌ವೇರ್‌ದು. ವ್ಯಾಲರಂಟ್ ಅನ್ನೋ ಶೂಟಿಂಗ್ ಆಟದ ಆಂಟಿ ಚೀಟ್ ವ್ಯಾನ್‌ಗಾರ್ಡ್ ವಿಂಡೋಸಿನ ತಿರುಳು, ಅಂದ್ರೆ ಕರ್ನಲ್ ಒಳಗೇ ಕೂತು ಕಾಯ್ತದೆ, ಲಿನಕ್ಸಲ್ಲಿ ಅದಿಲ್ಲ, ಹಾಗಾಗಿ ಆಟಾನೂ ಇಲ್ಲ. ಈಸಿ ಆಂಟಿ ಚೀಟ್, ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಸಪೋರ್ಟ್ ಇದೆ, ಆದ್ರೆ ಗೇಮ್ ಮಾಡಿದೋರು ಮನಸ್ಸು ಮಾಡಿ ಆನ್ ಮಾಡ್ಬೇಕಲ್ಲ! ಏಪೆಕ್ಸ್ ಲೆಜೆಂಡ್ಸ್ ಚೆನ್ನಾಗೇ ನಡೀತಿತ್ತು, 2024ರಲ್ಲಿ ಲಿನಕ್ಸ್‌ನೋರಿಗೆ ಬಾಗಿಲು ಹಾಕಿದ್ರು. ಲಿನಕ್ಸಲ್ಲಿ ಕಳ್ಳಾಟ ಹಿಡಿಯೋದು ಕಷ್ಟ ಅನ್ನೋ ಅವ್ರ ಮಾತಲ್ಲೂ ಹುರುಳಿಲ್ಲ ಅಂತೇನಿಲ್ಲ ಬಿಡಿ, ಲಿನಕ್ಸ್ ಕರ್ನಲನ್ನ ಯಾರು ಬೇಕಾದ್ರೂ ತಿದ್ದಿ ಕಂಪೈಲ್ ಮಾಡ್ಬೋದು, ಕಳ್ಳಾಟ ಆಡೋನೂ ಮಾಡ್ಬೋದು, ಅಂಥ ಕರ್ನಲ್ ಮೇಲೆ ಕೂತು ಕಾವಲು ಕಾಯೋದು ಹೆಂಗೆ? ನಾವು ಲಿನಕ್ಸ್ ಹಿಡ್ಕೊಂಡಿರೋದು ಎಂತಕ್ಕೋ ಅವ್ರು ದೂರ ಇಡೋದೂ ಅದಕ್ಕೇ.

ಅದಕ್ಕೇ ವಿಂಡೋಸ್ ಇನ್ನೂ ತೆಗೆದಿಲ್ಲ, ಸಣ್ಣ ಎಸ್‌ಎಸ್‌ಡಿಲಿ ಬಿದ್ದಿದೆ. ಶಿವಮೊಗ್ಗದಿಂದ ಅತ್ತೆ ಮಗ ಬಂದಾಗ ಕೌಂಟರ್ ಸ್ಟ್ರೈಕ್ 2 ಆಡಣ ಬಾರೋ, ಅದು ಲಿನಕ್ಸಿಗೇ ಇದೆ ಅಂತೀನಿ, ಅವ್ನಿಗೆ ವ್ಯಾಲರಂಟೇ ಆಗ್ಬೇಕು.