ಶಿಕ್ಷಕರ ಪ್ರಶಸ್ತಿಗೆ ಅರ್ಜಿ: ಕಡತ ಇವತ್ತೇ ತೆರೆಯಿರಿ

ಜೊಯಿಡಾದ ಕಾಡಿನ ಶಾಲೆಗಳಲ್ಲಾಗಲಿ, ಅಂಕೋಲಾ, ಹೊನ್ನಾವರದ ಕಡಲಂಚಿನ ಶಾಲೆಗಳಲ್ಲಾಗಲಿ, ಒಳ್ಳೆ ಮಾಸ್ತರರಿಗೆ, ಅಕ್ಕೋರಿಗೆ ಬರವಿಲ್ಲ. ಆದರೆ ಪ್ರಶಸ್ತಿಗೆ ಅರ್ಜಿ ಹಾಕಿ ಅಂದರೆ ‘ನಮ್ಮ ಬಗ್ಗೆ ನಾವೇ ಹೇಳಿಕೊಳ್ಳೋದಾ?’ ಎಂದು ಹಿಂದೆ ಸರಿಯುತ್ತಾರೆ. ಈ ಸಂಕೋಚ ಬಿಡಲೇಬೇಕು. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಗೆ ಶಿಕ್ಷಕರೇ ನೇರವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಪದ್ಧತಿ 2018ರಲ್ಲೇ ಬಂದಿದೆ. ಆಯ್ಕೆಯಾದವರಿಗೆ ಸೆಪ್ಟೆಂಬರ್ 5ರಂದು ದೆಹಲಿಯಲ್ಲಿ ಬೆಳ್ಳಿ ಪದಕ, ಪ್ರಮಾಣಪತ್ರ ಮತ್ತು 50 ಸಾವಿರ ರೂಪಾಯಿ ಕೊಡುತ್ತಾರೆ.

ಮೊದಲು ಅರ್ಹತೆ ನೋಡಿಕೊಳ್ಳಿ. ಮಾನ್ಯತೆ ಪಡೆದ ಶಾಲೆಯಲ್ಲಿ ಖಾಯಂ ಶಿಕ್ಷಕರಾಗಿ ಕನಿಷ್ಠ 10 ವರ್ಷ ಸೇವೆ ಆಗಿರಬೇಕು. ಮುಖ್ಯ ಶಿಕ್ಷಕರೂ ಹಾಕಬಹುದು. ಗುತ್ತಿಗೆ ಶಿಕ್ಷಕರಿಗೆ ಅವಕಾಶವಿಲ್ಲ, ಟ್ಯೂಷನ್ ಹೇಳುವವರಿಗೂ ಇಲ್ಲ.

ಇನ್ನು ಕಡತ, ಅಂದರೆ ನಿಮ್ಮ ಕೆಲಸಕ್ಕೆ ಸಾಕ್ಷಿಯಾಗುವ ದಾಖಲೆಗಳ ಕಟ್ಟು. ನಿಜವಾದ ಕೆಲಸ ಇರುವುದು ಇಲ್ಲೇ. 100 ಅಂಕಗಳಲ್ಲಿ 90 ಅಂಕ ನೀವು ಮಾಡಿದ ಕೆಲಸಕ್ಕೆ. ‘ಮಕ್ಕಳಿಗೆ ಪರಿಸರ ಪಾಠ ಚೆನ್ನಾಗಿ ಮಾಡಿದ್ದೇನೆ’ ಎಂದು ಸುಮ್ನೆ ಬರೆದರೆ ಸಾಲದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿಸಿದ್ದೀರಿ ಎಂದುಕೊಳ್ಳಿ. ಅಂಗಳದಲ್ಲಿ ಮಕ್ಕಳು ಬಗ್ಗಿ ಅಳತೆ ನೋಡುವ ಫೋಟೊ, ಅವರದೇ ಅಕ್ಷರದಲ್ಲಿ ದಿನದ ಮಳೆ ಬರೆದ ಪಟ್ಟಿ, ಅದರಿಂದ ಮಾಡಿದ ಗಣಿತದ ಲೆಕ್ಕ, ಆ ತಿಂಗಳ ಹಾಜರಿ ಪುಸ್ತಕದ ಪ್ರತಿ, ಇಷ್ಟನ್ನೂ ಒಟ್ಟಿಗೆ ಇಡಿ. ಫೋಟೊದಲ್ಲಿ ನೀವಲ್ಲ, ಮಕ್ಕಳು ಕಾಣಲಿ. ದಿನಾಂಕ ಅಂದೇ ಬರೆದಿಡಿ. ವರ್ಷ ಕಳೆದ ಮೇಲೆ ಯಾವ ಪಟ್ಟಿ ಯಾವಾಗಿನದು ಎಂದು ಯಾರಿಗೂ ನೆನಪಿರುವುದಿಲ್ಲ.

ಅರ್ಜಿ ಕರೆಯುವುದು ಸಾಮಾನ್ಯವಾಗಿ ಜೂನ್-ಜುಲೈ ಹೊತ್ತಿಗೆ. ನಮ್ಮಲ್ಲಿ ಜಡಿಮಳೆ, ಕರೆಂಟು ಹೋಗುವುದು, ನೆಟ್‌ವರ್ಕ್ ಕೈಕೊಡುವುದು ಎಲ್ಲ ಆಗಲೇ. ಕೊನೆಯ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ಹಾಕಿದ ಅರ್ಜಿ ಮೊದಲು ಜಿಲ್ಲಾ ಸಮಿತಿಗೆ, ಅಲ್ಲಿಂದ ರಾಜ್ಯಕ್ಕೆ, ಆಮೇಲೆ ರಾಷ್ಟ್ರೀಯ ತೀರ್ಪುಗಾರರ ಮುಂದೆ ಹೋಗುತ್ತದೆ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ. ಅನುಮಾನ ಇದ್ದರೆ ನಿಮ್ಮ ಭಾಗದ ಉಪನಿರ್ದೇಶಕರ ಕಚೇರಿಯಲ್ಲಿ ಕೇಳಿ. ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಶಸ್ತಿಗಳೂ ಇವೆ. ಅಲ್ಲಿಗೂ ಇದೇ ಕಡತ ನೆರವಿಗೆ ಬರುತ್ತದೆ.

ಬಿ.ಇಡಿ. ಓದುತ್ತಿರುವವರ ಅರ್ಜಿ ಪ್ರಶಸ್ತಿಗಲ್ಲ, ವಿದ್ಯಾರ್ಥಿವೇತನಕ್ಕೆ. ಅದರ ದಾರಿ ಬೇರೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆಸಿಡಿ. ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಪೋರ್ಟಲ್ ಕೇಳುತ್ತದೆ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ, ಮುಗಿದಿದೆಯಾ ನೋಡಿ. ಅಂಕಪಟ್ಟಿಯಂಥ ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗುವುದರಿಂದ ಬೇಗ ಕೊಟ್ಟುಬಿಡಿ.

ಜಾಸ್ತಿ ತೊಡಕಾಗುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿ ಉದ್ದ. ನಮ್ಮ ಕಡೆ ಇದು ಮನೆಮನೆ ಕತೆ ಅಲ್ವಾ? ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳಿ. ಹಾಗೇ ಬ್ಯಾಂಕಿಗೆ ಹೋಗಿ ನಿಮ್ಮ ಆಧಾರ್ ಯಾವ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ (ಅಂದರೆ ಸರ್ಕಾರದ ಹಣ ಬರಲು ಆಧಾರ್ ಜೋಡಣೆ) ಆಗಿದೆ ಎಂದು ಕೇಳಿ. ನೀವು ದಿನಾ ಬಳಸುವ ಖಾತೆ ಯಾವುದೇ ಇರಲಿ, ವಿದ್ಯಾರ್ಥಿವೇತನದ ದುಡ್ಡು ಬಂದು ಬೀಳುವುದು ಆ ಮ್ಯಾಪಿಂಗ್ ಆದ ಖಾತೆಗೇ.